ಅಪ್ಪ ಹೇಳಿದ ಅರಮನೆ

ರಾಜ್ಯದ ಯಾವ ಕೋಟೆಯ ಮುಂದೆ ಎಷ್ಟು ನೆರಳಿದೆ, ಯಾವ ಉದ್ಯಾನದ ಹೊರಗೆ ಬಸ್ಸು ತಿರುಗಿಸಲು ಜಾಗ ಸಾಲದು, ಯಾವ ಮ್ಯೂಸಿಯಮ್ಮಿನ ಹಿಂದಿನ ನಲ್ಲಿಯಲ್ಲಿ ಕಡುಬೇಸಿಗೆಯಲ್ಲೂ ತಣ್ಣೀರು ಬರುತ್ತದೆ, ಇದನ್ನೆಲ್ಲ ತಿಳಿಯಬೇಕಾದರೆ ಅವಳ ಗಂಡನನ್ನೇ ಕೇಳಬೇಕು. ಮದುವೆಗೆ ಮುಂಚಿನಿಂದಲೂ ಪ್ರವಾಸಿಗರ ಬಸ್ಸು ಓಡಿಸುತ್ತಿದ್ದವನು ಅವನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅವಳ ಅತ್ತೆ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ಆ ಕೋಟೆಯ ಒಳಗೆ ಏನಿದೆ, ಆ ಉದ್ಯಾನದಲ್ಲಿ ಏನು ಅರಳಿದೆ ಎಂದರೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಒಂದು ಸಲವೂ ಒಳಗೆ ಕಾಲಿಟ್ಟವನಲ್ಲ.

ಈ ಗುಟ್ಟು ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ.

ತಾಯಿಗೆ ತಿಳಿದದ್ದು ಗಂಡನ ಜೊತೆಯ ಡ್ರೈವರನಿಂದ. ಅವಳು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು, ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಗುಂಡಿಗೆ ಕಾಜ ಹಾಕುವುದು, ಹೀಗೆ ರಿಪೇರಿ ಕೆಲಸವನ್ನೆಲ್ಲ ಮಾಡಿಕೊಡುತ್ತಿದ್ದಳು. ಆ ಡ್ರೈವರ್ ಯೂನಿಫಾರ್ಮ್ ತೆಗೆದುಕೊಂಡು ಹೋಗಲು ಬಂದವನು ಗೋಡೆಗೆ ಒರಗಿ ನಿಂತು ನಕ್ಕಿದ್ದ.

"ಅತ್ತಿಗೆ, ನಿಮ್ಮ ಯಜಮಾನ್ರು ಅರಮನೆ ನೋಡಿರೋದು ಹೆಬ್ಬಾಗಿಲ ತನಕ ಅಷ್ಟೇ. ಒಂದ್ಸಲ ಒಳಗೆ ಬಾರೋ ಅಂದ್ರೆ, ಗಾಡಿ ಯಾರು ಕಾಯ್ತಾರೆ ಅಂತ ಟವೆಲ್ ಮುಖಕ್ಕೆ ಹಾಕ್ಕೊಂಡು ಮಲಗಿಬಿಡ್ತಾನೆ."

ಅವಳ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. ಏಕೆಂದರೆ ಅರಮನೆಯ ಒಳಗಿನ ಕಥೆಗಳನ್ನು ಕೇಳಿಕೊಂಡೇ ಅವಳ ಮಗಳು ಬೆಳೆದಿದ್ದಳು.

ಮಗಳನ್ನು ಮನೆಯಲ್ಲಿ ಬುಗುರಿ ಎಂದು ಕರೆಯುತ್ತಿದ್ದರು. ಒಂದು ಕಡೆ ನಿಲ್ಲುವ ಜಾಯಮಾನವೇ ಅಲ್ಲ ಅವಳದು. ಆದರೆ ಅಪ್ಪ ಟ್ರಿಪ್ಪು ಮುಗಿಸಿ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತನೆಂದರೆ ಬುಗುರಿ ಅವನ ಪಕ್ಕ ಅಲ್ಲಾಡದೆ ಕೂರುತ್ತಿದ್ದಳು. "ಈ ಸಲ ಅರಮನೆಯಲ್ಲಿ ಏನಿತ್ತಪ್ಪಾ?" ಎಂದರೆ ಸಾಕು, ಅವನು ಶುರು ಮಾಡುತ್ತಿದ್ದ. ಅಲ್ಲಿ ರಾಜನ ಮಂಚ ಎಷ್ಟು ಪುಟ್ಟದೆಂದರೆ ಅವನು ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಮಲಗುತ್ತಿದ್ದನಂತೆ. ಇನ್ನೊಂದು ಕೋಣೆಯ ಒಳಗೇ ಮಳೆ ಬರುತ್ತದಂತೆ, ಹೊರಗೆ ಬಿಸಿಲು ಕಾಯುತ್ತಿದ್ದರೂ. ಸೊಂಡಿಲು ಸವೆದುಹೋಗಿರುವ ಕಲ್ಲಿನ ಆನೆ ಇದೆಯಂತೆ, ಮಕ್ಕಳು ಅದರ ಮೇಲಿಂದ ಜಾರುತ್ತಾರಂತೆ. ತಡವಾಗಿ ಬಂದವರನ್ನು ಬೈಯುವ ಹಕ್ಕಿ ಇರುವ ಗಡಿಯಾರವಿದೆಯಂತೆ. ಎಲ್ಲವೂ ಆ ಒಂದೇ ಅರಮನೆಯಲ್ಲಿ.

ಗುಟ್ಟು ತಿಳಿದ ಮೇಲೆ ಅವಳು ಗಂಡನನ್ನು ಕೇಳಿದ್ದಳು. ಅವನು ತಟ್ಟೆ ನೋಡುತ್ತಾ ಹೇಳಿದ್ದ: "ಸುಳ್ಳಲ್ಲ ಕಣೇ. ಜನ ವಾಪಸ್ ಬಸ್ ಹತ್ತಿದ ಮೇಲೆ ಮಾತಾಡ್ತಾರಲ್ಲ, ಅದೆಲ್ಲ ಕಿವಿಗೆ ಬೀಳುತ್ತೆ. ಯಾರು ಎಲ್ಲಿ ಹೇಳಿದ್ದು ಅನ್ನೋದು ನೆನಪಿರಲ್ಲ, ಅಷ್ಟೇ. ಮಗು ಖುಷಿ ಪಡುತ್ತೆ, ಬಿಡು."

ಅವಳೂ ಬಿಟ್ಟಳು. ಬಿಟ್ಟದ್ದಷ್ಟೇ ಅಲ್ಲ, ತಾನೂ ಕೈ ಜೋಡಿಸಿದಳು. ಗಂಡ ದೂರದ ಟ್ರಿಪ್ಪಿಗೆ ಹೋದಾಗ ಬುಗುರಿ ಮುಖ ಊದಿಸಿಕೊಂಡು ಊಟ ಬೇಡವೆನ್ನುತ್ತಿದ್ದಳು. ಅಂಥ ಒಂದು ಸಂಜೆ, ಡಬ್ಬ ಬಗ್ಗಿಸಿ ಗುಂಡಿ ಆರಿಸುತ್ತಿದ್ದ ತಾಯಿ, "ಅಪ್ಪ ಫೋನ್ ಮಾಡಿದ್ರು. ಅರಮನೆಯಲ್ಲಿ ಒಂದು ಕೋಟು ಇದೆಯಂತೆ. ಅದರ ಒಂದೊಂದು ಗುಂಡಿಯೂ ಒಂದೊಂದು ಥರವಂತೆ" ಎಂದುಬಿಟ್ಟಿದ್ದಳು. ಅರಮನೆಯ ದರ್ಜಿಗೆ ಗುಂಡಿ ಸಾಲದೆ ಹೋಗಿ, ಸಿಪಾಯಿಯ ಅಂಗಿಯದೊಂದು, ರಾಣಿಯ ಚೀಲದ್ದೊಂದು, ತೋಟದವನು ಕೊಟ್ಟ ಮರದ ಬೀಜ ಒಂದು, ಹೀಗೆ ಕಂಡದ್ದನ್ನೆಲ್ಲ ಹೊಲಿದನಂತೆ. ಆ ಕೋಟು ಬುಗುರಿಗೆ ಎಷ್ಟು ಹಿಡಿಸಿತೆಂದರೆ ಆನೆ, ಗಡಿಯಾರ ಎಲ್ಲ ಹಿಂದೆ ಬಿದ್ದವು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ದಿನ ಬುಗುರಿ ಶಾಲೆಯಿಂದ ಓಡಿಬಂದು ಚೀಲವನ್ನು ಕಟ್ಟೆಗೆ ಎಸೆದಳು.

"ಅಮ್ಮಾ! ಬರೋ ತಿಂಗಳು ನಮ್ಮ ಕ್ಲಾಸಿನವರನ್ನೆಲ್ಲ ಅರಮನೆ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗ್ತಾರಂತೆ! ಒಳಗೆ ಏನೇನಿದೆ ಅಂತ ನಾನು ಎಲ್ಲರಿಗೂ ಹೇಳಿದ್ದೀನಿ. ಟೀಚರ್ ಏನಂದ್ರು ಗೊತ್ತಾ? ಹಾಗಾದ್ರೆ ನೀನೇ ಮುಂದೆ ನಿಂತು ತೋರಿಸು ಅಂದ್ರು!"

ತರಗತಿಯ ಮಕ್ಕಳೆಲ್ಲ ಸುತ್ತ ನಿಂತಿರುವಾಗ ಇವಳು ಮಳೆ ಬರುವ ಕೋಣೆಯನ್ನು ಹುಡುಕುತ್ತಾ ಬಾಗಿಲಿಂದ ಬಾಗಿಲಿಗೆ ಓಡುವುದು ತಾಯಿಯ ಕಣ್ಣಿಗೆ ಕಟ್ಟಿತು. ನಗುವ ಮಕ್ಕಳಿಗೆ ಬರ ಉಂಟೇ? ಅಪ್ಪನ ಮಾತನ್ನು ಇವಳು ಇನ್ನು ನಂಬುವುದಾದರೂ ಹೇಗೆ?

ಅವತ್ತು ಗಂಡನಿಗೆ ಅವಳು ಖಡಾಖಂಡಿತವಾಗಿ ಹೇಳಿದಳು. "ರೀ, ಮುಂದಿನ ರಜಾ ದಿನ ನಾವೇ ಮೊದಲು ಕರ್ಕೊಂಡು ಹೋಗೋಣ. ಒಳಗೆ ಹೋಗೋ ಮುಂಚೆ ನೀವೇ ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಯಾರೋ ಹೇಳಿ ಗೊತ್ತಾಗೋದು ಬೇಡ."

"ಹೇಳ್ತೀನಿ."

"ನಿಜವಾಗ್ಲೂ?"

"ಹೇಳ್ತೀನಿ ಅಂದ್ನಲ್ಲ ಮಾರಾಯ್ತಿ."

ಆ ರಜಾ ದಿನ ಬೇಗ ಬಂತು. ಮೂವರೂ ಬೆಳಗಿನ ಬಸ್ಸು ಹಿಡಿದರು. ಪ್ರಯಾಣಿಕನಾಗಿ ಕೂರುವ ಅಭ್ಯಾಸ ಅವನಿಗಿರಲಿಲ್ಲ. ಮುಂದೆ ತಿರುವು ಬಂದಾಗಲೆಲ್ಲ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಅಪ್ಪಾ, ಬಸ್ಸನ್ನ ಅವರೇ ಓಡಿಸ್ತಾರೆ, ನೀನು ಕಾಲು ಇಳಿಸು" ಎಂದು ಬುಗುರಿ ಅವನ ಮಂಡಿಗೆ ಹೊಡೆದಳು. ತಾಯಿ ಗಂಡನತ್ತ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ. ಮೊದಲ ನಿಲ್ದಾಣದಲ್ಲಿ, ಇಲ್ಲಿ ಗಲಾಟೆ, ಇಳಿದ ಮೇಲೆ ಹೇಳ್ತೀನಿ ಎಂಬಂತೆ ಕೈಸನ್ನೆ ಮಾಡಿದ. ಇಳಿದ ಮೇಲೆ ಬಾಯಾರಿಕೆ ಎಂದ. ನೀರು ಕುಡಿದಾದ ಮೇಲೆ ಟಿಕೆಟ್ ಕಿಟಕಿಯಲ್ಲಿ ಸಾಲು ಬೆಳೆಯುತ್ತಿದೆ ಎಂದ. ಗೋಡೆಯಂತೆ ಎದುರಿಗೆ ನಿಲ್ಲುವ ಏರುರಸ್ತೆಗೂ ಹೆದರದವನು ತನ್ನ ಮಗಳ ಮುಂದೆ ನೆಪ ಹುಡುಕುತ್ತಿದ್ದ. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಅಷ್ಟರಲ್ಲಿ ಬುಗುರಿ ಹೆಬ್ಬಾಗಿಲು ದಾಟಿ ಓಡಿಯಾಗಿತ್ತು.

ಒಳಗೆ ತಂಪಾಗಿತ್ತು. ಎತ್ತರದ ಸೂರು, ಉಜ್ಜಿ ಉಜ್ಜಿ ಹೊಳೆಯುವ ನೆಲ, ಗೋಡೆಯ ತುಂಬ ಮೀಸೆ ಹೊತ್ತ ಮುಖಗಳ ಚಿತ್ರ. ಬುಗುರಿ ಒಂದರ ಮುಂದೆಯೂ ನಿಲ್ಲಲಿಲ್ಲ. ಎರಡನೆಯ ಕೋಣೆಯಿಂದ ಅವಳ ಕೂಗು ಕೇಳಿತು.

"ಅಮ್ಮಾ ಬಾ! ಮಂಚ! ಅಪ್ಪ ಹೇಳಿದ ಮಂಚ!"

ನಿಜಕ್ಕೂ ಇತ್ತು. ಹಗ್ಗದ ಬೇಲಿಯ ಆಚೆ ಮೊಣಕಾಲೆತ್ತರದ ಪುಟ್ಟ ಮಂಚ. ಬುಗುರಿ ಅದರ ಬೋರ್ಡನ್ನು ಗಟ್ಟಿಯಾಗಿ ಓದಿದಳು. ಅದು ದಂಡಯಾತ್ರೆಯಲ್ಲಿ ಡೇರೆಯೊಳಗೆ ಹಾಕುತ್ತಿದ್ದ ಮಡಚುವ ಮಂಚ. ಪೂರ್ತಿ ಬಿಚ್ಚಿದರೆ ಆಳುದ್ದ ಆಗುತ್ತದೆ, ಇಲ್ಲಿ ಅರ್ಧ ಮಡಚಿ ಇಟ್ಟಿದೆ ಎಂದಿತ್ತು. "ಓ, ಮಡಚಿದ್ದಾರೆ" ಎಂದಳು ಬುಗುರಿ. ಸ್ವಲ್ಪ ಯೋಚನೆ ಮಾಡಿದಳು. ಆದರೆ ಮುಖ ಬಾಡಲಿಲ್ಲ. ಮಂಚ ಇದೆಯಲ್ಲ, ಉಳಿದದ್ದೂ ಇರಬೇಕು.

ಬಾಗಿಲ ಪಕ್ಕ ಕುರ್ಚಿಯಲ್ಲಿ ಕಾವಲಿನ ಹೆಂಗಸು ಕೂತಿದ್ದಳು. ಬುಗುರಿ ಅವಳ ಮುಂದೆ ಹೋಗಿ ನಿಂತಳು.

"ಆಂಟಿ, ಮಳೆ ಬರೋ ಕೋಣೆ ಎಲ್ಲಿದೆ?"

"ಮೇಲಿನ ಕೋಣೇನಾ? ಸೂರು ಸೋರ್ತಿತ್ತಲ್ಲ, ಹೋದ ವರ್ಷವೇ ರಿಪೇರಿ ಆಯ್ತಮ್ಮ. ಈಗೇನೂ ತೊಂದ್ರೆ ಇಲ್ಲ."

"ಅದಲ್ಲ. ಬೇಕು ಅಂತಲೇ ಮಳೆ ಬರೋದು. ಹೋಗ್ಲಿ, ಕಲ್ಲಾನೆ ಎಲ್ಲಿ? ಮಕ್ಕಳು ಜಾರ್ತಾರಲ್ಲ, ಅದು."

"ಕಲ್ಲಾನೇನಾ? ಈ ನೆಲದ ಮೇಲೆ ಆನೆ ನಿಲ್ಸಿದ್ರೆ ನೆಲ ಕುಸಿದು ನಾನು ನೆಲಮಾಳಿಗೇಲಿ ಕೂತಿರ್ತೀನಿ, ಅಷ್ಟೇ" ಎಂದು ಕಾವಲಿನವಳು ನಕ್ಕಳು. "ಇಲ್ಲಿ ಇಲ್ಲ ಮಗು. ಯಾರು ಹೇಳಿದ್ದು ನಿನಗೆ?"

ಬುಗುರಿ ತಿರುಗಿ ನೋಡಿದಳು. ಅಪ್ಪ ಇನ್ನೂ ಮೊದಲನೆಯ ಕೋಣೆಯ ಹೊಸ್ತಿಲಲ್ಲೇ ಇದ್ದ. ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯದೆ, ಧೈರ್ಯ ಮಾಡಿ ಒಂದು ಬಾಗಿಲು ತಳ್ಳಿದ. ಒಳಗೆ ಪೊರಕೆ, ಬಕೆಟ್ಟು, ನೆಲ ಒರೆಸುವ ಬಟ್ಟೆ ಇದ್ದವು. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

"ಅಪ್ಪಾ" ಎಂದಳು ಬುಗುರಿ. ದನಿ ಸಣ್ಣದಾಗಿತ್ತು. "ನೀನು ಇಲ್ಲಿಗೆ ಬಂದೇ ಇಲ್ಲ, ಅಲ್ವಾ?"

ಅವನು ಕೈಲಿದ್ದ ಟಿಕೆಟ್ಟನ್ನು ಮಡಚಿದ, ಮತ್ತೆ ಮಡಚಿದ. "ಇಲ್ಲ ಮಗಳೇ. ಬಂದಿಲ್ಲ."

"ಒಂದ್ಸಲವೂ?"

"ಒಂದ್ಸಲವೂ ಇಲ್ಲ. ನಾನು ಹೊರಗೇ ಇರ್ತಿದ್ದೆ."

"ನಾನು ಕ್ಲಾಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ" ಎಂದಳು ಅವಳು. ಅಳಲಿಲ್ಲ. ಅತ್ತಿದ್ದರೆ ತಾಯಿಗೆ ಎಷ್ಟೋ ಸಮಾಧಾನವಾಗುತ್ತಿತ್ತು, ಎತ್ತಿಕೊಂಡು ಕಣ್ಣೊರೆಸಬಹುದಿತ್ತು. ಅವಳು ಇಬ್ಬರನ್ನೂ ದಾಟಿಕೊಂಡು, ಚಪ್ಪಲಿ ಪಟಪಟ ಬಡಿಯುತ್ತಾ ಬಂದ ದಾರಿಯಲ್ಲೇ ಹೊರಗೆ ನಡೆದುಬಿಟ್ಟಳು.

ಗಂಡ ಕಕ್ಕಾಬಿಕ್ಕಿಯಾಗಿ ಹೆಂಡತಿಯ ಮುಖ ನೋಡಿದ. "ನೀನು ಹೋಗಿ ಏನಾದ್ರೂ ಹೇಳು. ನಿನ್ನ ಮಾತು ಕೇಳ್ತಾಳೆ."

"ನಾನು ಹೇಳಿದ್ರೆ ನನ್ನ ಮಾತಾಗುತ್ತೆ" ಎಂದಳು ಅವಳು. "ಅವಳಿಗೆ ಬೇಕಾಗಿರೋದು ನಿಮ್ಮದು. ನಡೀರಿ, ನಾನೂ ಬರ್ತೀನಿ."

ಬುಗುರಿ ದೂರ ಹೋಗಿರಲಿಲ್ಲ. ಬಸ್ಸುಗಳು ನಿಲ್ಲುವ ಬಯಲಿನಲ್ಲಿ ಗಂಟುಗಂಟಾದ ದೊಡ್ಡ ಮರವೊಂದಿತ್ತು. ಅದರ ಸುತ್ತಿನ ಕಲ್ಲುಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಅಪ್ಪ ಅವಳಿಂದ ಸ್ವಲ್ಪ ದೂರದಲ್ಲಿ ಕೂತ. ತಾಯಿ ಮರದ ಈಚೆಗೆ, ಇಬ್ಬರಿಗೂ ಅಡ್ಡ ಬಾರದ ಹಾಗೆ ನಿಂತಳು. ಬೇರೆ ಕೆಲಸವಿಲ್ಲದ ಕೈಗಳು ಸೆರಗಿನ ಅಂಚಿನಲ್ಲಿ ಬಿಚ್ಚಿದ ದಾರವೊಂದನ್ನು ಹುಡುಕಿಕೊಂಡವು.

"ಇದು ನನ್ನ ಜಾಗ" ಎಂದ ಅವನು ಕೊನೆಗೆ.

ಬುಗುರಿ ಹಿಮ್ಮಡಿಯಿಂದ ಕಟ್ಟೆಯ ಕಲ್ಲನ್ನು ಬಡಿಯುತ್ತಿದ್ದಳು.

"ಬಸ್ಸು ಯಾವಾಗ್ಲೂ ಇಲ್ಲೇ ನಿಲ್ಸೋದು. ಗಾಡಿ ಬಿಟ್ಟು ಹೋಗೋ ಹಾಗಿಲ್ಲ. ಜನರ ಬ್ಯಾಗು, ಹೊದಿಕೆ, ಮಕ್ಕಳ ಹಾಲಿನ ಬಾಟ್ಲಿ ಎಲ್ಲ ಒಳಗೇ ಇರುತ್ತೆ. ಮತ್ತೆ ನಿದ್ದೆ ಕೂಡ ಮಾಡ್ಬೇಕಲ್ಲ, ಇಲ್ಲಾಂದ್ರೆ ವಾಪಸ್ ಹೋಗುವಾಗ ಕಣ್ಣು ಎಳೆಯುತ್ತೆ. ಇಲ್ಲಿಂದ ಅರಮನೆ ಅಂದ್ರೆ ಅಗೋ, ಆ ಗೋಡೆ, ಆ ಎರಡು ಕಿಟಕಿ. ಅಷ್ಟೇ ಕಾಣೋದು."

ಬುಗುರಿ ತಲೆ ಎತ್ತಿದಳು. ಬಣ್ಣ ಬಿಟ್ಟ ಹಿಂಗೋಡೆ, ಮುಚ್ಚಿದ ಎರಡು ಕಿಟಕಿ. ಪಾರಿವಾಳ ಕೂಡ ಇರಲಿಲ್ಲ.

"ಹಾಗಾದ್ರೆ ಯಾಕೆ ಹೇಳ್ದೆ?"

"ನೀನು ಕೇಳ್ತಿದ್ಯಲ್ಲ" ಎಂದ ಅವನು. "ಊರೂರು ಸುತ್ತಿ ಬಂದ ಅಪ್ಪ, ಗೋಡೆ ನೋಡ್ದೆ ಅಂತ ಹೇಗಮ್ಮ ಹೇಳೋದು?"

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹಳದಿ ಬಸ್ಸಿನ ಜನ ಒಬ್ಬೊಬ್ಬರಾಗಿ ಮರಳಿ ಬಂದರು. ಎಲ್ಲರಿಗಿಂತ ಹಿಂದೆ ಇಬ್ಬರು ಮುದುಕಿಯರು, ನೋಡಿದರೆ ಅಕ್ಕತಂಗಿಯರು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಂದು, ಮೆಟ್ಟಿಲು ಹತ್ತುವ ಮುಂಚೆ ಉಸಿರು ತೆಗೆದುಕೊಳ್ಳಲು ಮರದಡಿ ನಿಂತರು.

"ಆ ರಾಜ ಕುಳ್ಳನೇ ಇರಬೇಕು ಕಣಕ್ಕಾ. ಮಂಚ ನೋಡಿದ್ಯಾ, ನಮ್ಮ ಮೊಮ್ಮಗನಿಗೂ ಸಾಲಲ್ಲ."

"ಕುಳ್ಳ ಅಲ್ಲ ಕಣೇ, ಹೆದರುಪುಕ್ಕಲ. ಮಂಡಿ ಮಡಚ್ಕೊಂಡು ಮಲಗ್ತಿದ್ನಂತೆ, ಶತ್ರುಗಳಿಗೆ ಕಾಣಬಾರದು ಅಂತ."

"ಹಾಗಂತ ಯಾರು ಹೇಳಿದ್ರು?"

"ಯಾರೋ ಹೇಳ್ತಾ ಇದ್ರಪ್ಪ."

ಬುಗುರಿಯ ಬೆನ್ನು ನೆಟ್ಟಗಾಯಿತು. ತಡೆಯಲಾರದೆ ಕಟ್ಟೆಯಿಂದ ಇಳಿದೇಬಿಟ್ಟಳು. "ಅಜ್ಜೀ, ಅದು ಮಡಚೋ ಮಂಚ! ಡೇರೆಯಲ್ಲಿ ಹಾಕೋದು. ಬಿಚ್ಚಿದ್ರೆ ಉದ್ದ ಆಗುತ್ತೆ. ಬೋರ್ಡಲ್ಲಿ ಬರೆದಿದ್ದಾರೆ."

"ಹೌದಾ ಮರೀ? ಬೋರ್ಡ್ ಓದೋಣ ಅಂದ್ರೆ ಕನ್ನಡಕ ಬಸ್ಸಲ್ಲೇ ಮರೆತಿದ್ದೆ" ಎಂದು ಅಕ್ಕ ಅವಳ ಗಲ್ಲ ತಟ್ಟಿದಳು. ತಂಗಿ ಮಾತ್ರ ಮೂಗು ಮುರಿದಳು. "ಮಡಚಿದ್ರೂ ಬಿಚ್ಚಿದ್ರೂ ಕುಳ್ಳನೇ."

ಇಬ್ಬರೂ ಬಸ್ಸು ಹತ್ತಿದರು. ಒಳಗೂ ಅದೇ ಜಗಳ ಮುಂದುವರಿಯಿತು: ಕುಳ್ಳ, ಹೆದರುಪುಕ್ಕಲ, ಕುಳ್ಳ. ಬಸ್ಸಿನ ಡ್ರೈವರ್ ಮುಖದ ಮೇಲಿನ ಟವೆಲ್ ತೆಗೆದು, ಕನ್ನಡಿಯಲ್ಲಿ ಆ ಇಬ್ಬರನ್ನು ನೋಡಿ ತನ್ನಷ್ಟಕ್ಕೆ ನಕ್ಕು, ಗಾಡಿ ಶುರು ಮಾಡಿದ. ಬುಗುರಿ ಅವನನ್ನೇ ನೋಡುತ್ತಿದ್ದಳು. ಬಸ್ಸು ಹಿಂದೆ ಸರಿದು, ತಿರುಗಿ, ರಸ್ತೆಗೆ ಸೇರುವವರೆಗೂ ನೋಡಿದಳು. ಆಮೇಲೆ ಅಪ್ಪನ ಪಕ್ಕ, ಈ ಸಲ ಹತ್ತಿರವೇ ಬಂದು ಕೂತಳು.

"ಮಳೆ ಬರೋ ಕೋಣೇನೂ ಯಾರೋ ಹೇಳಿದ್ದಾ?"

"ಹೌದು."

"ಹಾಗಾದ್ರೆ ಎಲ್ಲೋ ಇದೆ."

ಅವನು ಹಣೆ ನೇವರಿಸಿಕೊಂಡ. "ಇರು, ಇರು. ಅವತ್ತು ಬಸ್ಸು ನಿಲ್ಸಿದ್ದು ಇಳಿಜಾರಲ್ಲಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ. ಬಿಸಿಲು ಸುಡ್ತಿತ್ತು, ಆದ್ರೂ ಜನ ತಲೆ ಎಲ್ಲ ಒದ್ದೆ ಮಾಡ್ಕೊಂಡು ಬಂದ್ರು. ಸೀಟು ನೆನೀತು ಅಂತ ಬೈದಿದ್ದೆ. ಇಳಿಜಾರು ಅಂದ್ರೆ... ಬೆಟ್ಟದ ಕೆಳಗಿನ ಸಸ್ಯತೋಟ! ಅಲ್ಲೊಂದು ಗಾಜಿನ ಮನೆ ಇದೆ. ಗಿಡಗಳಿಗೆ ಸೂರಿನಿಂದಲೇ ನೀರು ಬಿಡ್ತಾರಂತೆ."

"ಆನೆ?"

"ಆನೆ ದಿನ ನೆರಳೇ ಇರ್ಲಿಲ್ಲ. ಸ್ಟೇರಿಂಗ್ ಮುಟ್ಟೋ ಹಾಗಿರ್ಲಿಲ್ಲ, ಕೈ ಸುಡ್ತಿತ್ತು. ಅದು ಬಯಲುಸೀಮೆ ಕೋಟೆ."

ಬುಗುರಿಯ ಕಣ್ಣು ಅರಳಿತು. ಹಕ್ಕಿ ಗಡಿಯಾರದ ದಿನ ಓಣಿ ಎಷ್ಟು ಇಕ್ಕಟ್ಟಾಗಿತ್ತೆಂದರೆ ಬಸ್ಸನ್ನು ಹಿಮ್ಮುಖವಾಗಿಯೇ ಹೊರಗೆ ತರಬೇಕಾಯಿತಂತೆ. ಹಾಗಾದರೆ ಅದು ಹಳೇ ಪಟ್ಟಣದ ಗ್ರಂಥಾಲಯವೇ ಸರಿ. ಒಂದು ಅರಮನೆ ಬಿಚ್ಚಿಕೊಂಡು ರಾಜ್ಯದ ತುಂಬ ಹರಡುವುದನ್ನು ತಾಯಿ ಮರದ ಈಚೆಯಿಂದ ಕೇಳಿಸಿಕೊಂಡಳು.

"ಕ್ಲಾಸಲ್ಲಿ ಹೇಳ್ತೀನಿ" ಎಂದಳು ಬುಗುರಿ ಗಂಭೀರವಾಗಿ. "ಮಂಚ ಇಲ್ಲಿದೆ, ಬಾಕಿಯೆಲ್ಲ ಬೇರೆ ಬೇರೆ ಊರಲ್ಲಿದೆ, ನಮ್ಮಪ್ಪ ಕಲಸಿಬಿಟ್ಟಿದ್ದ ಅಂತ. ನಗ್ತಾರೆ."

"ನಗ್ಲಿ ಬಿಡು. ನನ್ನ ನೋಡಿ ನಗ್ತಾರೆ, ನಿನ್ನನ್ನಲ್ಲ."

"ನನ್ನೂ ನೋಡಿ ನಗ್ತಾರೆ" ಎಂದಳು ಅವಳು. "ಆದ್ರೆ ಇನ್ಮೇಲೆ ನೀನು ನೋಡಿದ್ದನ್ನ ನೋಡಿದೆ ಅನ್ನು, ಕೇಳಿದ್ದನ್ನ ಕೇಳಿದೆ ಅನ್ನು. ಆಯ್ತಾ?"

"ಆಯ್ತು."

"ಬಾ ಹಾಗಾದ್ರೆ. ಗಾಡಿ ಇಲ್ವಲ್ಲ ಇವತ್ತು ಕಾಯೋಕೆ."

ಅವನ ಬೆರಳು ಹಿಡಿದು ಎಳೆದುಕೊಂಡೇ ಹೋದಳು. ಕಾವಲಿನ ಹೆಂಗಸು ಇವರನ್ನು ನೋಡಿ, "ಆನೆ ಸಿಕ್ತಾ?" ಎಂದಳು. "ಸಿಕ್ತು, ಕೋಟೆಯಲ್ಲಿದೆ" ಎಂದಳು ಬುಗುರಿ ಅವಸರದಲ್ಲೇ. ಮೊದಲ ಸಲ ಓಡಿ ದಾಟಿದ್ದ ಕೋಣೆಗಳಲ್ಲಿ ಈಗ ಒಂದೊಂದು ವಸ್ತುವಿನ ಮುಂದೆಯೂ ನಿಂತಳು, ಬೋರ್ಡು ಓದಿ ಹೇಳಿದಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಬಾಗಿಸಿ ಕೇಳಿದ. ಮಂಚದ ಮುಂದೆ ಬಹಳ ಹೊತ್ತು ನಿಂತ. ತಾಯಿ ಮಂಚವನ್ನು ನೋಡಲಿಲ್ಲ. ಮಂಚ ನೋಡುತ್ತಿದ್ದ ಅವನ ಮುಖ ನೋಡಿದಳು. ಎಷ್ಟೋ ವರ್ಷ ಬಸ್ಸಿನ ಕನ್ನಡಿಯಲ್ಲಿ ಬೇರೆಯವರ ಮುಖದ ಮೇಲೆ ಅವನು ಕಂಡಿದ್ದು ಇದೇ ಇರಬೇಕು.

"ಹೇಗಿದೆ ರೀ?" ಎಂದಳು ಮೆಲ್ಲಗೆ.

"ಗಾಡಿ ಸೀಟಿಗಿಂತ ವಾಸಿ" ಎಂದ ಅವನು. ಆದರೆ ಅಲ್ಲಿಂದ ಕದಲಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಬುಗುರಿ ನಡುವೆ ಕೂತು, ಬೆರಳು ಮಡಚುತ್ತಾ ಲೆಕ್ಕ ಹಾಕುತ್ತಿದ್ದಳು. ಮೊದಲು ಸಸ್ಯತೋಟ, ಯಾಕೆಂದರೆ ಈಗ ಸೆಖೆ. ಆಮೇಲೆ ಗ್ರಂಥಾಲಯ. ಬಿಸಿಲು ಇಳಿದ ಮೇಲೆ ಕೋಟೆ. ಒಂದು ಬೆರಳು ಉಳಿಯಿತು.

"ಅಪ್ಪಾ, ಗುಂಡಿ ಕೋಟು? ಅದು ಯಾವೂರಲ್ಲಿದೆ?"

ಅವನು ಯೋಚಿಸಿದ. ಇಳಿಜಾರು, ನೆರಳು, ಇಕ್ಕಟ್ಟಿನ ಓಣಿ ಯಾವುದೂ ನೆನಪಾಗಲಿಲ್ಲ. ಆಮೇಲೆ ಏನೋ ಹೊಳೆದು, ಮಗಳ ತಲೆಯ ಮೇಲಿಂದ ಹೆಂಡತಿಯ ಕಡೆ ನೋಡಿದ. ಅವನ ತುಟಿಯ ತುದಿಯಲ್ಲಿ ಕಳ್ಳನಗು. ನಿನ್ನ ಸರದಿ, ಎನ್ನುವಂತಿತ್ತು.

ತಾಯಿಯ ಕೈ ಮಗಳ ಅಂಗಿಯ ಮೇಲೆ, ನೂಲು ಸಡಿಲಾಗಿ ನೇತಾಡುತ್ತಿದ್ದ ಮೇಲಿನ ಗುಂಡಿಯ ಮೇಲೆ ನಿಂತಿತು.

"ಅದು ಯಾವ ಊರಲ್ಲೂ ಇಲ್ಲ ಕಂದಾ" ಎಂದಳು. "ಅದನ್ನ ಯಾರೂ ನೋಡಿಲ್ಲ, ಯಾರೂ ಹೇಳಲೂ ಇಲ್ಲ. ನಾನೇ ಹೇಳಿದ್ದು."

ಬುಗುರಿ ಅಮ್ಮನನ್ನು ದಿಟ್ಟಿಸಿದಳು. ಬಸ್ಸು ಒಂದು ತಿರುವು ತೆಗೆದುಕೊಂಡಿತು. ಅಪ್ಪನ ಬಲಗಾಲು ತಾನಾಗಿ ಒತ್ತಿತು.

"ಹಾಗಾದ್ರೆ ಅದು ಇಲ್ವೇ ಇಲ್ವಾ?"

"ಇನ್ನೂ ಇಲ್ಲ" ಎಂದಳು ಅವಳು. "ಬಟ್ಟೆ ಕತ್ತರಿಸ್ಬೇಕು. ನೀನು ಗುಂಡಿ ಆರಿಸಿಕೊಡ್ಬೇಕು."

ಬುಗುರಿ ಅಮ್ಮನ ತೊಡೆಗೆ ಒರಗಿ, ಅರೆಗಣ್ಣಿನಲ್ಲೇ, ಸಸ್ಯತೋಟದಲ್ಲಿ ಬೀಳೋ ಮರದ ಬೀಜ ಹೆಕ್ಕೋದಕ್ಕೆ ಬಿಡ್ತಾರಾ ಎಂದು ಕೇಳಿದಳು.